ಲಂಡನ್ನಿನ ಕಾಡಿನಲ್ಲೊಂದು ದುರ್ಗ: ಸೆವರ್ನ್‌ಡ್ರೂಗ್ ಗೋಪುರ ನೋಡಲು ಹೋಗುವವರಿಗೆ

ಲಂಡನ್ನಿನ ಆಗ್ನೇಯ ದಿಕ್ಕಿನಲ್ಲಿ ಶೂಟರ್ಸ್ ಹಿಲ್ ಅನ್ನುವ ಗುಡ್ಡ ಇದೆ. ಗುಡ್ಡದ ಮೈತುಂಬ ಕಾಡು. ಆ ಕಾಡಿನ ನಡುವೆ ಇಟ್ಟಿಗೆಯಲ್ಲಿ ಕಟ್ಟಿದ ಮೂರು ಮೂಲೆಯ ಒಂದು ಗೋಪುರ. ಕಟ್ಟಿದ್ದು 1784ರಲ್ಲಿ. ಹೆಸರು ಸೆವರ್ನ್‌ಡ್ರೂಗ್ ಕ್ಯಾಸಲ್.

ಆ ಹೆಸರನ್ನು ಒಂದೆರಡು ಸಲ ಬಾಯಿಬಿಟ್ಟು ಹೇಳಿ ನೋಡಿ. ಕೊನೆಯ ತುಂಡು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಚಿತ್ರದುರ್ಗವನ್ನು ಚಿಟಲ್‌ಡ್ರೂಗ್ ಎಂದು, ನಂದಿದುರ್ಗವನ್ನು ನಂದಿಡ್ರೂಗ್ ಎಂದು ಬರೆದುಕೊಂಡ ಜನರೇ ಇದನ್ನೂ ಬರೆದದ್ದು. ಡ್ರೂಗ್ ಅಂದರೆ ದುರ್ಗ.

ಊರಿನಿಂದ ಬಂದಿದ್ದ ಅಪ್ಪ ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬೋರ್ಡು ಓದಿದ ಅಪ್ಪ ಅಲ್ಲೇ ನಿಂತುಬಿಟ್ಟರು. "ಇದು ನಮ್ಮ ಮಾಗಡಿ ಹತ್ತಿರದ ಸಾವನದುರ್ಗಾನೇ ಅಲ್ವೇನಮ್ಮಾ?" ಅಂದರು. ಒಳ್ಳೆಯ ಪ್ರಶ್ನೆ. ಉತ್ತರ ತಿಳಿದುಕೊಂಡು ಹೋದರೆ ಈ ಗೋಪುರ ಬೇರೆಯದೇ ಥರ ಕಾಣುತ್ತದೆ. ಅದಕ್ಕೇ ಬಸ್ಸು, ರೈಲಿನ ವಿಷಯಕ್ಕಿಂತ ಮೊದಲು ಈ ವಿಷಯ.

ಯಾವ ದುರ್ಗ ಇದು?

ಸಾವನದುರ್ಗದ ಹೆಸರನ್ನೂ ಇಂಗ್ಲಿಷರು ಹೆಚ್ಚುಕಡಿಮೆ ಹೀಗೇ ಬರೆಯುತ್ತಿದ್ದರು. ಆದರೆ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಸಾವನದುರ್ಗವನ್ನು ಹಿಡಿದದ್ದು 1791ರ ಡಿಸೆಂಬರ್‌ನಲ್ಲಿ. ಲಂಡನ್ನಿನ ಗೋಪುರ ಅಷ್ಟು ಹೊತ್ತಿಗೆ ಎದ್ದು ಏಳು ವರ್ಷ ಆಗಿತ್ತು. ಆದ್ದರಿಂದ ಇದು ಮಾಗಡಿಯದಲ್ಲ.

ಇದು ಕೊಂಕಣ ಕರಾವಳಿಯ ಸುವರ್ಣದುರ್ಗ. ರತ್ನಾಗಿರಿ ಜಿಲ್ಲೆಯ ದಾಪೋಲಿ ತಾಲೂಕಿನ ಹರ್ಣೈ ಊರಿನ ಎದುರು, ಸಮುದ್ರದೊಳಗಿನ ಬಂಡೆಯ ಮೇಲಿರುವ ಕೋಟೆ. 1755ರಲ್ಲಿ ಅದು ತುಳಾಜಿ ಆಂಗ್ರೆಯ ಕೈಯಲ್ಲಿತ್ತು. ಆಂಗ್ರೆಗಳು ಮರಾಠರ ನೌಕಾಬಲದ ದೊಡ್ಡ ಮನೆತನ. ಆದರೆ ತುಳಾಜಿಗೂ ಪೇಶ್ವೆ ಬಾಳಾಜಿ ಬಾಜಿರಾಯನಿಗೂ ಆಗಿಬರುತ್ತಿರಲಿಲ್ಲ. ಪೇಶ್ವೆ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಕೈ ಜೋಡಿಸಿದ. ಕಂಪನಿಯ ಬಾಂಬೆ ನೌಕಾದಳದ ನಾಯಕ ವಿಲಿಯಂ ಜೇಮ್ಸ್ ಹಡಗುಗಳನ್ನು ತಂದು ಕೋಟೆಯ ಮೇಲೆ ಗುಂಡು ಸುರಿಸಿದ. ಕೋಟೆಯ ಮದ್ದಿನ ಮನೆಗೆ ಬೆಂಕಿ ತಗುಲಿ ಸಿಡಿಯಿತು. ಕೋಟೆ ಬಿತ್ತು.

ಜೇಮ್ಸ್ ಹಣ, ಹೆಸರು ಎರಡನ್ನೂ ಕಟ್ಟಿಕೊಂಡು ಇಂಗ್ಲೆಂಡಿಗೆ ವಾಪಸ್ಸಾದ. ಈ ಗುಡ್ಡದ ಹತ್ತಿರದ ಎಲ್ಥಮ್‌ನಲ್ಲಿ ಮನೆ ಮಾಡಿದ. ಪಾರ್ಲಿಮೆಂಟಿಗೆ ಹೋದ, ಕಂಪನಿಯ ಅಧ್ಯಕ್ಷನೂ ಆದ. 1783ರ ಡಿಸೆಂಬರ್‌ನಲ್ಲಿ ಸತ್ತ. ಅವನ ಹೆಂಡತಿ ಲೇಡಿ ಆನ್ ಜೇಮ್ಸ್ ಮರುವರ್ಷವೇ ಗಂಡನ ನೆನಪಿಗೆ ಈ ಗೋಪುರ ಕಟ್ಟಿಸಿದಳು. ನಕ್ಷೆ ಮಾಡಿದವನು ರಿಚರ್ಡ್ ಜಪ್, ಕಂಪನಿಗೇ ಕೆಲಸ ಮಾಡುತ್ತಿದ್ದ ವಾಸ್ತುಶಿಲ್ಪಿ. ಹೆಸರಿನಲ್ಲಿ ಕ್ಯಾಸಲ್ ಇದ್ದರೂ ಇಲ್ಲಿ ಯಾವ ಯುದ್ಧವೂ ನಡೆದಿಲ್ಲ. ಇದು ಸ್ಮಾರಕ, ಅಷ್ಟೇ.

ಮೊದಲು ದಿನ ಗೊತ್ತುಮಾಡಿಕೊಳ್ಳಿ

ಲಂಡನ್ನಿನಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ಓಪನ್ ಹೌಸ್ ಅಂತ ಒಂದು ಹಬ್ಬ ನಡೆಯುತ್ತದೆ. 1992ರಿಂದ ಇದೆ. ಆ ದಿನಗಳಲ್ಲಿ ನೂರಾರು ಕಟ್ಟಡಗಳು ಜನರಿಗೆ ಬಾಗಿಲು ತೆರೆಯುತ್ತವೆ, ಅದೂ ಪುಕ್ಕಟೆಯಾಗಿ. ಆಗಸ್ಟ್ ತಿಂಗಳಲ್ಲಿ ಅದರ ಪಟ್ಟಿ ಆನ್‌ಲೈನ್‌ನಲ್ಲಿ ಬರುತ್ತದೆ. ಅದರಲ್ಲಿ ಗ್ರೀನಿಚ್ ವಿಭಾಗ ತೆಗೆದು ಈ ಗೋಪುರ ಇದೆಯಾ ನೋಡಿ. ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ಹೋದ ವರ್ಷ ಇತ್ತು ಅಂತ ಸುಮ್ನೆ ಹೊರಟುಬಿಡಬೇಡಿ.

ಪಟ್ಟಿಯಲ್ಲಿ ಎರಡು ವಿಷಯ ಗಮನಿಸಿ. ಒಂದು, ನೇರ ಹೋಗಬಹುದೋ ಅಥವಾ ಮೊದಲೇ ಬುಕ್ ಮಾಡಬೇಕೋ. ಇನ್ನೊಂದು, ಕೊನೆಯ ಗುಂಪನ್ನು ಎಷ್ಟು ಗಂಟೆಗೆ ಒಳಗೆ ಬಿಡುತ್ತಾರೆ. ಬಾಗಿಲು ಹಾಕುವ ಸಮಯ ಬೇರೆ, ಕೊನೆಯ ಗುಂಪಿನ ಸಮಯ ಬೇರೆ. ನಾನು ಮೊದಲನೆಯ ಸಲ ಈ ವ್ಯತ್ಯಾಸ ನೋಡಿಕೊಳ್ಳದೆ ಹೋಗಿ, ಕೆಳಗಿನಿಂದ ಕತ್ತೆತ್ತಿ ನೋಡಿ ವಾಪಸ್ ಬಂದಿದ್ದೆ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ. ಸಾಲು ಚಿಕ್ಕದಿರುತ್ತದೆ, ತೋರಿಸುವವರಿಗೂ ಮಾತಾಡಲು ಪುರುಸೊತ್ತಿರುತ್ತದೆ.

ಸೆಪ್ಟೆಂಬರ್ ತಪ್ಪಿಹೋದರೂ ಚಿಂತೆ ಇಲ್ಲ. ಉಳಿದ ಸಮಯದಲ್ಲೂ ಸಾರ್ವಜನಿಕರಿಗೆ ಬಿಡುವ ದಿನಗಳಿವೆ, ಸಣ್ಣ ಟಿಕೆಟ್ ಕೊಟ್ಟು ಮೇಲೆ ಹತ್ತಬಹುದು. ಆದರೆ ಇಲ್ಲಿ ಮದುವೆಗಳೂ ನಡೆಯುತ್ತವೆ. ಹಾಗಾಗಿ ಹಿಂದಿನ ದಿನ ಗೋಪುರದವರ ವೆಬ್‌ಸೈಟ್ ಒಂದು ಸಲ ನೋಡಿಕೊಳ್ಳಿ. ಲಂಡನ್ನಿನ ಹೊರಗೆ, ಇಂಗ್ಲೆಂಡಿನ ಬೇರೆ ಊರುಗಳಲ್ಲಿರುವವರಿಗೆ ಇದೇ ಸೆಪ್ಟೆಂಬರ್‌ನಲ್ಲಿ ಹೆರಿಟೇಜ್ ಓಪನ್ ಡೇಸ್ ಅಂತ ಇದೆ. ಅದೂ ಪುಕ್ಕಟೆ.

ಹೋಗುವ ದಾರಿ

ಟ್ಯೂಬ್ ರೈಲು ಗೋಪುರದ ಹತ್ತಿರಕ್ಕೆ ಬರುವುದಿಲ್ಲ. ಎರಡು ದಾರಿ ಹೇಳುತ್ತೇನೆ.

ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಬಸ್ಸೇ ಸರಿ. ಜೂಬಿಲಿ ಲೈನಿನಲ್ಲಿ ನಾರ್ತ್ ಗ್ರೀನಿಚ್‌ವರೆಗೆ ಬಂದು 486 ಹಿಡಿಯಿರಿ. ಲ್ಯೂಯಿಷಮ್ ಅಥವಾ ಬ್ಲ್ಯಾಕ್‌ಹೀತ್ ಕಡೆಯವರಿಗೆ 89 ಇದೆ. ಎರಡೂ ಶೂಟರ್ಸ್ ಹಿಲ್ ಏರುತ್ತವೆ. ಮೆಮೋರಿಯಲ್ ಆಸ್ಪತ್ರೆಯ ಹತ್ತಿರ ಇಳಿಯಿರಿ. ಗ್ರೀನಿಚ್ ಕಡೆಯಿಂದ ಬರುವಾಗ ಕಾಡು ಬಲಗಡೆಗೆ. ಒಂದು ಮಾತು, ಊರಿನಿಂದ ಬಂದ ಹಿರಿಯರಿಗೆ ಮೊದಲೇ ಹೇಳಿಡಿ: ಲಂಡನ್ ಬಸ್ಸಿನಲ್ಲಿ ನಗದು ತಗೊಳ್ಳುವುದಿಲ್ಲ. ತಲೆಗೊಂದು ಕಾರ್ಡ್ ಬೇಕು. ಒಂದೇ ಕಾರ್ಡನ್ನು ಮೂವರಿಗೂ ತಟ್ಟಲು ಆಗುವುದಿಲ್ಲ.

ನಡೆಯುವ ಆಸೆ ಇರುವವರು ಫಾಲ್ಕನ್‌ವುಡ್ ಸ್ಟೇಷನ್‌ನಲ್ಲಿ ಇಳಿಯಿರಿ. ಲಂಡನ್ ಬ್ರಿಡ್ಜ್‌ನಿಂದ ರೈಲುಗಳಿವೆ. ಅಲ್ಲಿಂದ ಕ್ಯಾಪಿಟಲ್ ರಿಂಗ್ ಅನ್ನುವ ಕಾಲುದಾರಿಯ ಗುರುತುಗಳನ್ನು ಹಿಡಿದು ಆಕ್ಸ್‌ಲೀಸ್ ಕಾಡಿನೊಳಗೆ ಏರುತ್ತಾ ಹೋದರೆ ದಾರಿ ಗೋಪುರದ ಬುಡಕ್ಕೇ ತಂದು ಬಿಡುತ್ತದೆ. ನಿಧಾನವಾಗಿ ಹೋದರೆ ಮುಕ್ಕಾಲು ಗಂಟೆ ಅಂದುಕೊಳ್ಳಿ. ನನಗೆ ಈ ದಾರಿಯೇ ಇಷ್ಟ. ಆಕ್ಸ್‌ಲೀಸ್ ಸಾವಿರಾರು ವರ್ಷ ಹಳೆಯ ಕಾಡು. ಇದರ ನಡುವೆ ದೊಡ್ಡ ರಸ್ತೆ ಕೊರೆಯುವ ಯೋಜನೆ ಇತ್ತು. ಸುತ್ತಲಿನ ಜನ ವರ್ಷಗಟ್ಟಲೆ ಹೋರಾಡಿದರು. 1993ರಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ನೀವು ನಡೆಯುವ ಓಕ್ ಮರಗಳ ನೆರಳು ಹಾಗೆ ಉಳಿದದ್ದು.

ಈ ಕಾಡಿನಲ್ಲಿ ಗಿಳಿಗಳಿವೆ. ಕತ್ತಿನಲ್ಲಿ ಗುಲಾಬಿ ಪಟ್ಟಿ ಇರುವ, ನಮ್ಮೂರ ಮಾವಿನ ತೋಪಿನಲ್ಲಿ ಕಿರುಚುವ ಅದೇ ಜಾತಿಯವು. ಸಾಕಿದ್ದ ಹಕ್ಕಿಗಳು ಎಂದೋ ಹಾರಿಹೋಗಿ ಲಂಡನ್ನಿನಲ್ಲಿ ಸಂಸಾರ ಹೂಡಿವೆ. ಕೂಗು ಕೇಳಿ ಅಮ್ಮ ಮೇಲೆ ನೋಡಿದರು. "ಇವೂ ಇಲ್ಲಿಗೆ ಬಂದುಬಿಟ್ವಾ" ಅಂದರು.

ಕಾಲಿಗೆ ಹಿಡಿತ ಇರುವ ಶೂ ಹಾಕಿಕೊಳ್ಳಿ. ಹಿಂದಿನ ದಿನ ಮಳೆ ಬಂದಿದ್ದರೆ ಕಾಡಿನ ದಾರಿ ಕೆಸರು. ಗುಡ್ಡದ ಮೇಲೆ ಗಾಳಿ ಜೋರು, ಸೆಪ್ಟೆಂಬರ್ ಬಿಸಿಲನ್ನು ನಂಬಿ ಜಾಕೆಟ್ ಬಿಟ್ಟು ಬರಬೇಡಿ. ಸೀರೆ ಉಟ್ಟವರಿಗೆ ಸುರುಳಿ ಮೆಟ್ಟಿಲು ತೊಂದರೆ ಕೊಡುತ್ತದೆ. ಅಮ್ಮ ಚೂಡಿದಾರ್ ಹಾಕಿಕೊಂಡು ಬಂದಿದ್ದು ಒಳ್ಳೆಯದೇ ಆಯಿತು.

ಒಳಗೆ ಹೋಗುವ ಮೊದಲು ಬಾಗಿಲ ಮೇಲಿನ ಕಲ್ಲು ಓದಿ

ಬಂದವರೆಲ್ಲ ಸೀದಾ ಮೆಟ್ಟಿಲಿಗೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಗೋಪುರದ ಸುತ್ತ ಒಂದು ಸುತ್ತು ಬನ್ನಿ. ಮೂರು ಗೋಡೆ, ಮೂರು ಮೂಲೆಗೂ ಆರು ಮುಖದ ಒಂದೊಂದು ಬುರುಜು. ಕಿಟಕಿಗಳ ಕಮಾನು ಮೇಲೆ ಚೂಪಾಗುತ್ತದೆ, ಹಳೆಯ ಚರ್ಚುಗಳ ಹಾಗೆ. ನೆತ್ತಿಯಲ್ಲಿ ಕೋಟೆಯ ತೆನೆಗಳು. ಎತ್ತರ 63 ಅಡಿ. ನಮ್ಮ ದುರ್ಗಗಳನ್ನು ನೋಡಿದ ಕಣ್ಣಿಗೆ ಆಟಿಕೆಯಷ್ಟು ಚಿಕ್ಕದು ಅನ್ನಿಸಬಹುದು. ಆದರೆ ಕಟ್ಟಿರುವ ಕೈ ತುಂಬಾ ಅಚ್ಚುಕಟ್ಟು. ಮೂರು ಮೂಲೆಯ ಕಟ್ಟಡವನ್ನು ಇಟ್ಟಿಗೆಯಲ್ಲಿ ಇಷ್ಟು ನೇರವಾಗಿ ಎಬ್ಬಿಸುವುದು ಸುಲಭದ ಕೆಲಸ ಅಲ್ಲ.

ಈಗ ಬಾಗಿಲ ಮೇಲೆ ನೋಡಿ. ಅಲ್ಲೊಂದು ಕಲ್ಲಿನ ಫಲಕ ಇದೆ. ಇದನ್ನು ಶಾಸನ ಓದುವ ಹಾಗೆ ಓದಬೇಕು, ಒಂದೊಂದೇ ಸಾಲು. ಇಸವಿಗಳನ್ನು ರೋಮನ್ ಅಂಕಿಯಲ್ಲಿ ಕೆತ್ತಿದ್ದಾರೆ. ಮಕ್ಕಳಿದ್ದರೆ ಅವರ ಕೈಲಿ ಎಣಿಸಿಸಿ: ಎಂ ಸಾವಿರ, ಡಿ ಐನೂರು, ಎರಡು ಸಿ ಇನ್ನೂರು, ಎಲ್ ಐವತ್ತು, ಮೂರು ಎಕ್ಸ್ ಮೂವತ್ತು, ಕೊನೆಗೆ ನಾಲ್ಕು. ಒಟ್ಟು 1784. ಆಮೇಲೆ ಜೇಮ್ಸ್ ಪೂರ್ವ ದೇಶಗಳಲ್ಲಿ ಮಾಡಿದ ಸಾಧನೆಯ ಮಾತು. ಕೊನೆಗೆ ಮುಖ್ಯವಾದ ಸಾಲು: ಮಲಬಾರ್ ತೀರದ ಆಚೆ ಇರುವ ಸೆವರ್ನ್‌ಡ್ರೂಗ್ ಕೋಟೆ ಅವನ ಶೌರ್ಯಕ್ಕೂ ಜಾಣ್ಮೆಗೂ ಮಣಿದು 1755ನೆಯ ಇಸವಿ ಏಪ್ರಿಲ್ 2ರಂದು ಬಿತ್ತು.

ಇಲ್ಲಿ ನಿಂತು ಸ್ವಲ್ಪ ಯೋಚಿಸಿ. ಮಲಬಾರ್ ಅಂದರೆ ನಮಗೆ ಕೇರಳ. ಹರ್ಣೈ ಇರುವುದು ಕೊಂಕಣದಲ್ಲಿ, ಮುಂಬೈಗೂ ಗೋವಾಗೂ ನಡುವೆ. ಆ ಕಾಲದ ಇಂಗ್ಲಿಷರು ಪಶ್ಚಿಮ ಕರಾವಳಿಯನ್ನೆಲ್ಲ ಒಟ್ಟಾಗಿ ಮಲಬಾರ್ ಅನ್ನುತ್ತಿದ್ದರು. ಕಲ್ಲಿನಲ್ಲಿ ಪೇಶ್ವೆಯ ಹೆಸರಿಲ್ಲ, ಜೊತೆಗೆ ಬಂದಿದ್ದ ಮರಾಠರ ಹೆಸರಿಲ್ಲ. ತುಳಾಜಿಯ ಹೆಸರೂ ಇಲ್ಲ. ಒಳಗಿದ್ದು ಸತ್ತವರ ಮಾತಂತೂ ಇಲ್ಲವೇ ಇಲ್ಲ. ಹೆಂಡತಿ ಗಂಡನಿಗೆ ಹಾಕಿಸಿದ ಕಲ್ಲು ಅದು, ಅವಳಿಗೆ ಕಂಡಷ್ಟನ್ನು ಹೇಳುತ್ತದೆ. ಅವಳ ದುಃಖ ನಿಜವೇ. ಆದರೆ ಆ ಕೋಟೆಯ ಇನ್ನೊಂದು ಕಡೆಯ ಜನರ ಭಾಷೆ, ಕಡಲು, ಊರು ಗೊತ್ತಿರುವವರು ನಾವು. ಕಲ್ಲಿನಲ್ಲಿ ಇಲ್ಲದ್ದನ್ನು ಮಕ್ಕಳಿಗೆ ಹೇಳಬೇಕಾದವರೂ ನಾವೇ. ಆ ಬಾಗಿಲ ಕೆಳಗೆ ನಿಂತು ಅಪ್ಪ ನನ್ನ ಮಗಳಿಗೆ ಸುವರ್ಣದುರ್ಗ ಎಂದು ಬಿಡಿಸಿ ಬಿಡಿಸಿ ಹೇಳಿಕೊಟ್ಟರು. ಸು-ವ-ರ್ಣ-ದು-ರ್ಗ. ಅವಳು ಅದುವರೆಗೆ ಶಾಲೆಯ ಗೆಳತಿಯರ ಹಾಗೆ ಸೆವರ್ನ್‌ಡ್ರೂಗ್ ಅಂತಲೇ ಅನ್ನುತ್ತಿದ್ದಳು.

86 ಮೆಟ್ಟಿಲು

ನೆಲಮಟ್ಟದಲ್ಲಿ ಚಹಾ ಕೋಣೆ. ಅದರ ಮೇಲೆ ಎರಡು ಅಂತಸ್ತು, ಆಮೇಲೆ ತಾರಸಿ. ತಾರಸಿಗೆ 86 ಮೆಟ್ಟಿಲು, ಸುರುಳಿಯಾಗಿ. ಮಂಡಿನೋವು ಇರುವವರು ಮುಜುಗರ ಪಡದೆ ಕೆಳಗೇ ಕೂತು ಚಹಾ ಕುಡಿಯಿರಿ. ಹತ್ತುವವರು ಇಷ್ಟು ನೆನಪಿಡಿ.

ಸುರುಳಿ ಮೆಟ್ಟಿಲಿನ ಒಳಗಡೆ ತುದಿ ಕಿರಿದು, ಹೊರಗಡೆ ಗೋಡೆಯ ಕಡೆ ಅಗಲ. ಪಾದ ಪೂರ್ತಿ ಊರಲು ಗೋಡೆಯ ಕಡೆಗೇ ಹೆಜ್ಜೆ ಇಡಿ. ಬ್ಯಾಗು ಮುಂದೆ ಹಾಕಿಕೊಳ್ಳಿ, ಬೆನ್ನಿಗಲ್ಲ. ಮಕ್ಕಳು ಹತ್ತುವಾಗ ನಿಮ್ಮ ಮುಂದೆ ಇರಲಿ, ಇಳಿಯುವಾಗ ನಿಮ್ಮ ಹಿಂದೆ. ಜಾರಿದರೆ ನೀವು ಅಡ್ಡ ಇರುತ್ತೀರಿ. ಎದುರಿಗೆ ಯಾರಾದರೂ ಇಳಿದು ಬರುತ್ತಿದ್ದರೆ ಅಂತಸ್ತಿನ ಕೋಣೆಯಲ್ಲೇ ಕಾಯಿರಿ, ನಡುವೆ ಸಿಕ್ಕಿಹಾಕಿಕೊಳ್ಳಬೇಡಿ. ಮೆಟ್ಟಿಲ ಮೇಲೆ ಫೋನ್ ಬೇಡ.

ದಾರಿಯಲ್ಲಿ ಸಿಗುವ ಕೋಣೆಗಳಲ್ಲಿ ಉಸಿರು ತಗೊಳ್ಳಿ. ಗೋಡೆಗಳನ್ನು, ಮಾಡಿನ ಗಾರೆ ಕೆಲಸವನ್ನು ನೋಡಿ, ಮುಟ್ಟಬೇಡಿ. ಲೇಡಿ ಜೇಮ್ಸ್ ಕಾಲದಲ್ಲಿ ಸುವರ್ಣದುರ್ಗದಿಂದ ತಂದ ಆಯುಧಗಳನ್ನು ಒಳಗೆ ತೂಗುಹಾಕಿದ್ದರು. ಈಗ ಅವು ಇಲ್ಲ, ಖಾಲಿ ಗೋಡೆ.

ಇನ್ನೊಂದು ಸಂಗತಿ, ಹತ್ತುವಾಗ ಕಾಲು ಸೋತರೆ ನೆನಪಿಸಿಕೊಳ್ಳಿ. ಗೋಪುರ ಎದ್ದ ಕೆಲವೇ ವರ್ಷಗಳಲ್ಲಿ ವಿಲಿಯಂ ರಾಯ್ ಅನ್ನುವ ಸೇನಾಧಿಕಾರಿ ಲಂಡನ್ನಿನಿಂದ ಪ್ಯಾರಿಸ್‌ವರೆಗೆ ನೆಲ ಅಳೆಯುವ ಕೆಲಸದಲ್ಲಿ ಇದರ ತಾರಸಿಯನ್ನು ಬಳಸಿಕೊಂಡ. ಕೋನ ಅಳೆಯುವ ಅವನ ಥಿಯೋಡಲೈಟ್ ಯಂತ್ರದ ಚಕ್ರದ ಅಡ್ಡಳತೆ 36 ಅಂಗುಲ, ಭಾರ ಸುಮಾರು 90 ಕಿಲೋ. ಆ ಭಾರವನ್ನು ಇಷ್ಟು ಎತ್ತರಕ್ಕೆ ಏರಿಸಿದ್ದರು. ಇದೇ ಬಗೆಯ ಅಳತೆಯನ್ನು ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಶುರುಮಾಡಿದ.

ತಾರಸಿಯ ಮೇಲೆ

ಗುಡ್ಡವೇ ಎತ್ತರ, ಅದರ ಮೇಲೆ ಗೋಪುರ. ಹಾಗಾಗಿ ನೀವು ನಿಂತಿರುವ ಜಾಗ ಸೇಂಟ್ ಪಾಲ್ಸ್ ಚರ್ಚಿನ ತುದಿಯ ಶಿಲುಬೆಗಿಂತಲೂ ಮೇಲಿದೆ. ಬಂದ ಕೂಡಲೇ ಕ್ಯಾಮೆರಾ ತೆಗೆಯದೆ ಒಂದು ನಿಮಿಷ ದಿಕ್ಕು ಹಿಡಿಯಿರಿ. ಪಶ್ಚಿಮ, ವಾಯವ್ಯಕ್ಕೆ ಕ್ಯಾನರಿ ವಾರ್ಫಿನ ಗಾಜಿನ ಕಟ್ಟಡಗಳು, ಶಾರ್ಡ್‌ನ ಮೊನೆ. ಉತ್ತರಕ್ಕೆ ಥೇಮ್ಸ್ ನದಿ. ಪೂರ್ವಕ್ಕೆ ತಿರುಗಿದರೆ, ಆಕಾಶ ತಿಳಿಯಾಗಿರುವ ದಿನಗಳಲ್ಲಿ, ಡಾರ್ಟ್‌ಫರ್ಡಿನ ತೂಗು ಸೇತುವೆಯಂಥ ದೊಡ್ಡ ಸೇತುವೆ. ದಕ್ಷಿಣಕ್ಕೆ ಕೆಂಟ್ ಕಡೆಯ ಹಸಿರು ದಿಬ್ಬಗಳು. ಹಳೆಯ ಕಾಲದಿಂದಲೂ ಇಲ್ಲಿಂದ ಏಳು ಜಿಲ್ಲೆ ಕಾಣುತ್ತವೆ ಅನ್ನುವ ಮಾತಿದೆ. ಚಿಕ್ಕದೊಂದು ದುರ್ಬೀನು ತಂದರೆ ಮಕ್ಕಳಿಗೆ ಹಬ್ಬ.

ಫೋಟೊಗೆ ಬೆಳಗಿನ ಹೊತ್ತು ಚೆನ್ನ. ಸಂಜೆ ಸೂರ್ಯ ಊರಿನ ಹಿಂದೆ ಇಳಿಯುವುದರಿಂದ ಲಂಡನ್ ಕಡೆಯ ಚಿತ್ರ ಕಪ್ಪಾಗುತ್ತದೆ. ಜನ ಜಾಸ್ತಿ ಇದ್ದರೆ ನಿಮ್ಮದು ಆದ ಮೇಲೆ ಇಳಿದು ಜಾಗ ಬಿಡಿ. ಕೆಳಗೆ ಕಾಯುತ್ತಿರುವವರೂ ಇದಕ್ಕೇ ಬಂದವರು.

ತೋರಿಸುವವರ ಜೊತೆ ಮಾತಾಡಿ

ತೆರೆದ ದಿನ ಅಲ್ಲಿ ನಿಂತು ಕಥೆ ಹೇಳುವವರಲ್ಲಿ ಅನೇಕರು ಸ್ವಯಂಸೇವಕರು, ಸುತ್ತಮುತ್ತಲಿನವರು. ಈ ಕಟ್ಟಡ ಉಳಿದದ್ದೇ ಅಂಥವರಿಂದ. 1922ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಇದನ್ನು ಕೊಂಡುಕೊಂಡಿತ್ತು. ಆಗ ಕೆಳಗೆ ಚಹಾ ಅಂಗಡಿ ನಡೆಯುತ್ತಿತ್ತು, ಜನ ಬಂದು ಹೋಗುತ್ತಿದ್ದರು. 1980ರ ದಶಕದ ಕೊನೆಗೆ ಖರ್ಚು ತೂಗಿಸಲಾಗದೆ ಕಿಟಕಿ ಬಾಗಿಲಿಗೆ ಹಲಗೆ ಹೊಡೆದು ಮುಚ್ಚಿಬಿಟ್ಟರು. ಕಾಲು ಶತಮಾನ ಮಳೆ, ಪಾರಿವಾಳ, ಪುಂಡರ ಕೈಗೆ ಬಿಟ್ಟ ಹಾಗಾಯಿತು. ಊರಿನವರು ಸೇರಿ ಒಂದು ಟ್ರಸ್ಟ್ ಮಾಡಿಕೊಂಡರು. 2004ರಲ್ಲಿ ಹಳೆಯ ಕಟ್ಟಡಗಳನ್ನು ಉಳಿಸಲು ಬಿಬಿಸಿ ಟಿವಿಯಲ್ಲಿ ನಡೆಸುತ್ತಿದ್ದ ರೆಸ್ಟೊರೇಷನ್ ಸ್ಪರ್ಧೆಗೆ ಹೋದರು, ಗೆಲ್ಲಲಿಲ್ಲ. ಬಿಡಲಿಲ್ಲ. ಲಾಟರಿ ಹಣದ ಪಾರಂಪರಿಕ ನಿಧಿಯಿಂದ ನೆರವು ತಂದರು. 2014ರಲ್ಲಿ ಬಾಗಿಲು ಮತ್ತೆ ತೆರೆಯಿತು.

ಅದಕ್ಕೇ ಹೇಳುವುದು, ಅವರನ್ನು ಕೇಳಿ. ಹೊಸ ಇಟ್ಟಿಗೆ ಯಾವುದು, ಹಳೆಯದು ಯಾವುದು? ನೀರು ಎಲ್ಲಿಂದ ಇಳಿಯುತ್ತಿತ್ತು? ಇಂಥ ಪ್ರಶ್ನೆ ಕೇಳಿದರೆ ಅವರ ಮುಖ ಅರಳುತ್ತದೆ. ನಿಮಗೆ ಗೊತ್ತಿರುವುದನ್ನೂ ಹೇಳಿ. ದುರ್ಗ ಅನ್ನುವ ಪದದ ಅರ್ಥ, ನಮ್ಮ ಕಡೆ ಎಷ್ಟು ದುರ್ಗಗಳಿವೆ ಅನ್ನುವುದು, ಸಾವನದುರ್ಗದ ಹೆಸರಿನ ಗೊಂದಲ. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಅಲ್ಲಿದ್ದ ಹಿರಿಯರೊಬ್ಬರ ಜೊತೆ ಹತ್ತು ನಿಮಿಷ ಮಾತಾಡಿದರು. ಆ ಹಿರಿಯರು ಚೀಟಿಯಲ್ಲಿ 'ದುರ್ಗ' ಎಂದು ಕನ್ನಡದಲ್ಲೇ ಬರೆಸಿಕೊಂಡು ಜೇಬಿನಲ್ಲಿ ಇಟ್ಟುಕೊಂಡರು.

ಹೊರಡುವಾಗ ಡಬ್ಬಿಗೆ ಒಂದೆರಡು ಪೌಂಡ್ ಹಾಕಿ, ಚಹಾ, ಕೇಕನ್ನೂ ಅಲ್ಲೇ ತಗೊಳ್ಳಿ. ಪುಕ್ಕಟೆ ದಿನದಲ್ಲೂ ಛಾವಣಿ ರಿಪೇರಿ ಪುಕ್ಕಟೆ ಆಗುವುದಿಲ್ಲ.

ಇಳಿದ ಮೇಲೆ

ಗೋಪುರದ ಕೆಳಗೆ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ಗುಲಾಬಿ ತೋಟ ಇದೆ. ಬುತ್ತಿ ತಂದಿದ್ದರೆ ಅಲ್ಲಿ ಬಿಚ್ಚಿ. ನಾವು ಚಪಾತಿ, ಚಟ್ನಿಪುಡಿ ಒಯ್ದಿದ್ದೆವು. ತಿಂದ ಮೇಲೆ ಕಾಗದ, ಸಿಪ್ಪೆ ವಾಪಸ್ ಚೀಲಕ್ಕೆ.

ಮುಂದಿನ ಸಲ ಊರಿಗೆ ಹೋದಾಗ ಅಸಲಿ ಸುವರ್ಣದುರ್ಗವನ್ನೂ ನೋಡಿ ಬನ್ನಿ. 2025ರ ಜುಲೈನಲ್ಲಿ ಯುನೆಸ್ಕೊ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಅದರಲ್ಲಿ ಇದೂ ಒಂದು. ಹರ್ಣೈ ಮೀನುಗಾರರ ಊರು. ಅಲ್ಲಿಂದ ದೋಣಿಯಲ್ಲಿ ಹೋಗಬೇಕು. ಮಳೆಗಾಲದಲ್ಲಿ ಕಡಲು ಬಿಡುವುದಿಲ್ಲ, ಆದ್ದರಿಂದ ನವೆಂಬರ್‌ನಿಂದ ಫೆಬ್ರವರಿ ಒಳಗೆ ಇಟ್ಟುಕೊಳ್ಳಿ. ಬಾಗಿಲ ಮೇಲಿನ ಕಲ್ಲಿನ ಫೋಟೊ ಲಂಡನ್ನಿನಲ್ಲೇ ತೆಗೆದು ಫೋನಿನಲ್ಲಿ ಇಟ್ಟುಕೊಂಡಿರಿ. ದೋಣಿಯವರಿಗೆ ತೋರಿಸಿ. ಅಪ್ಪ ಹಾಗೆಂದೇ ಅದನ್ನು ತಮ್ಮ ಫೋನಿಗೂ ಕಳಿಸಿಕೊಂಡಿದ್ದಾರೆ.